ನೂರು ದಾಟಿದ ಹೆಂಚಿನ ಶಾಲೆ: ಕೆಡಹುವುದಾ, ಉಳಿಸುವುದಾ?

ಡೊಂಬಿವಲಿ ಶೆಟ್ಟಿ: ಕಾರ್ಕಳ ಕಡೆಯ ನಮ್ಮೂರ ಸರ್ಕಾರಿ ಶಾಲೆಗೆ ನೂರು ದಾಟಿತು. ಮುರಕಲ್ಲಿನ ಗೋಡೆ, ಹೆಂಚಿನ ಮಾಡು. ಈಗ ಕೆಡಹಿ ತಾರಸಿ ಕಟ್ಟಡ ಕಟ್ಟುತ್ತಾರಂತೆ, ಮುಂಬಯಿಯಲ್ಲಿರುವ ನಮ್ಮೂರವರ ಸಮಿತಿಯ ಹತ್ತಿರ ದುಡ್ಡು ಕೇಳಿದ್ದಾರೆ. ಅದರ ಬದಲು ಪಾರಂಪರಿಕ ಕಟ್ಟಡ ಅಂತ ಘೋಷಣೆ ಮಾಡಿಸಿದರೆ ಹೇಗೆ?

ಸಾಂತಾಕ್ರೂಜ್ ಪೂಜಾರಿ: ಎಂತ ಶೆಟ್ರೇ, ಮಳೆ ಜೋರಾದರೆ ನಾಲ್ಕನೇ ಕ್ಲಾಸಿನ ಮಕ್ಕಳು ಬೆಂಚು ಎಳೆದುಕೊಂಡು ಮೂಲೆಗೆ ಹೋಗ್ತಾರೆ. ಹೆಂಚು ಹೊತ್ತ ಮರದ ಪಕ್ಕಾಸಿಗೆ ಗೆದ್ದಲು. ನಾವಿಲ್ಲಿ ಫ್ಲ್ಯಾಟಲ್ಲಿ ಕೂತು, ಅವರು ಹೆಂಚಿನ ಅಡಿಯಲ್ಲೇ ಇರಲಿ ಅನ್ನುವುದಾ? ನಾಳೆ ಯಾರ ತಲೆ ಮೇಲಾದರೂ ಬಿದ್ದರೆ ಘೋಷಣೆಯ ಕಾಗದ ಹಿಡ್ಕೊಂಡು ಏನು ಮಾಡೋದು?

ಫೋರ್ಟ್ ನಕ್ಷೆ: ಕಟ್ಟಡ ನಕ್ಷೆಯ ಆಫೀಸಲ್ಲಿ ಕೆಲಸ ಮಾಡುವವನಾಗಿ ಒಂದು ಮಾತು. ಮುಂಬಯಿಯಲ್ಲಿ 1995ರಿಂದ ಹೆರಿಟೇಜ್ ನಿಯಮ ಉಂಟು, ಕಟ್ಟಡದ ಮಹತ್ವ ನೋಡಿ ಗ್ರೇಡ್ ಒಂದು, ಎರಡು, ಮೂರು ಅಂತ. ಅದು ಇಲ್ಲಿಯ ಮಾತು, ಊರಿಗೆ ನಡೆಯುವುದಿಲ್ಲ. ಅಲ್ಲಿ ರಾಜ್ಯದ 1961ರ ಪ್ರಾಚೀನ ಸ್ಮಾರಕಗಳ ಕಾಯ್ದೆ. ನೂರು ವರ್ಷ ಆಗಿರಬೇಕು, ಆದರೆ ಬರೀ ವಯಸ್ಸು ಸಾಲದು. ಚರಿತ್ರೆಯೋ ಶಿಲ್ಪವೋ, ಮಹತ್ವ ತೋರಿಸಬೇಕು. ನೂರು ದಾಟಿದ ಶಾಲೆಗಳು ಕರಾವಳಿಯಲ್ಲಿ ಬೇಕಾದಷ್ಟಿವೆ. ನಮ್ಮದರಲ್ಲಿ ಏನು ವಿಶೇಷ?

ಡೊಂಬಿವಲಿ ಶೆಟ್ಟಿ: ಹೆಂಚು ಮಗುಚಿ ನೋಡಿದ್ದೀರಾ? ಅಡಿಯಲ್ಲಿ ಮಂಗಳೂರಿನ ಕಾರ್ಖಾನೆಯ ಮುದ್ರೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ನಿನವರು 1865ರಲ್ಲಿ ಜೆಪ್ಪುವಿನಲ್ಲಿ ಶುರು ಮಾಡಿದ ಉದ್ಯಮದ ಗುರುತು ಅದು. ನಮ್ಮ ಜಿಲ್ಲೆ ಮದ್ರಾಸಿನ ಕೈಯಲ್ಲಿದ್ದ ಕಾಲದ ದಾಖಲಾತಿ ಪುಸ್ತಕ ಇನ್ನೂ ಕಪಾಟಿನಲ್ಲುಂಟು.

ವಾಶಿ ಹುಡುಗ: ಘೋಷಣೆಯಾದರೆ ಸುತ್ತ 100 ಮೀಟರ್ ಒಂದು ಕಲ್ಲೂ ಇಡುವ ಹಾಗಿಲ್ಲ ಅಂತಾರಲ್ಲ? ನಮ್ಮ ಮನೆ ಶಾಲೆಯ ಪಕ್ಕದಲ್ಲೇ.

ಫೋರ್ಟ್ ನಕ್ಷೆ: ಆ 100 ಮೀಟರ್ ನಿಷೇಧ, ಅದರಾಚೆ 200 ಮೀಟರ್ ನಿಯಂತ್ರಣ, ಎರಡೂ ಕೇಂದ್ರದ ರಕ್ಷಿತ ಸ್ಮಾರಕಗಳಿಗೆ, 2010ರ ತಿದ್ದುಪಡಿಯಲ್ಲಿ ಕೇಂದ್ರದ ಕಾಯ್ದೆಗೆ ಸೇರಿದ್ದು. ಹೆದರಬೇಡ ತಮ್ಮ.

ಮಾಟುಂಗ ಚಹಾ: ನಿಜ ಹೇಳಲಾ? ತಾರಸಿ ಕಟ್ಟಿದರೆ ಅಮೃತಶಿಲೆಯಲ್ಲಿ ದಾನಿಗಳ ಹೆಸರು ಬರ್ತದೆ. ಹೆಂಚು ಬದಲಿಸಿದವರ ಹೆಸರು ಎಲ್ಲಿ ಕೆತ್ತುವುದು? ಸಮಿತಿಯವರ ಉತ್ಸಾಹದ ಗುಟ್ಟು ಅಷ್ಟೇ. 😀

ಠಾಣೆ ಟೀಚರ್: ನಗಬೇಡಿ, ಅದು ಸತ್ಯವೇ. ಆದರೆ ನನ್ನ ಚಿಂತೆ ಬೇರೆ. ಮುಂಬಯಿ ಪಾಲಿಕೆಯ ಕನ್ನಡ ಶಾಲೆಗಳು ಒಂದೊಂದೇ ಮುಚ್ಚಿದ್ದನ್ನು ಕಂಡವಳು ನಾನು. ಕಟ್ಟಡ ಗಟ್ಟಿಯಾಗಿಯೇ ಇತ್ತು, ಮಕ್ಕಳಿರಲಿಲ್ಲ. ಊರಲ್ಲೂ ಬೆಳಿಗ್ಗೆ ಇಂಗ್ಲಿಷ್ ಮೀಡಿಯಂ ವ್ಯಾನು ಶಾಲೆಯ ಎದುರಿಂದಲೇ ಹೋಗುತ್ತದೆ. ಘೋಷಣೆಯಾಗಿ ಬೀಗ ಬಿದ್ದರೆ ಕಾಯುವುದು ಯಾರನ್ನು? ತರಗತಿ ನಡೆಯುವುದಾದರೆ ಮಾತ್ರ ನನ್ನ ಬೆಂಬಲ.

ಕೊಥ್ರುಡ್ ರಾವ್: ಪುಣೆಯಿಂದ. ಭಿಡೆ ವಾಡೆ ಗೊತ್ತಲ್ಲ, 1848ರಲ್ಲಿ ಫುಲೆ ದಂಪತಿ ಹೆಣ್ಣುಮಕ್ಕಳ ಶಾಲೆ ತೆರೆದ ಜಾಗ? ಸ್ಮಾರಕ ಅಂತ ಎಲ್ಲರೂ ಹೇಳಿದವರೇ, ಬಾಡಿಗೆದಾರರ ಕೇಸು ಮಾತ್ರ ವರ್ಷಗಟ್ಟಲೆ ಎಳೆಯಿತು. ಸುಪ್ರೀಂ ಕೋರ್ಟಿನವರೆಗೆ ಹೋಗಿ 2023ರ ಡಿಸೆಂಬರಿನಲ್ಲಿ ಜಾಗ ಪಾಲಿಕೆಯ ಕೈಗೆ ಬಂತು. ಹಳೇ ಕಟ್ಟಡ ಶಿಥಿಲ, ಕೆಡಹಿದರು. ಆದ್ದರಿಂದ ಮೊದಲು ಶಾಲೆಯ ಜಾಗದ ಪಹಣಿ ಯಾರ ಹೆಸರಲ್ಲುಂಟು ನೋಡಿ.

ಡೊಂಬಿವಲಿ ಶೆಟ್ಟಿ: ಜಾಗ ಕೊಟ್ಟದ್ದು ಊರಿನ ಹಳೇ ಜಮೀನ್ದಾರರು, ಗುತ್ತಿನ ಮನೆಯವರು. ಬಾಯಿಮಾತಲ್ಲಿ ಅಂತ ಕೇಳಿದ್ದೆ…

ಕೊಥ್ರುಡ್ ರಾವ್: ಹಾಗಾದರೆ ಘೋಷಣೆಯೂ ಬೇಡ, ತಾರಸಿಯೂ ಬೇಡ. ಮೊದಲು ತಾಲೂಕು ಕಚೇರಿ.

ಸಾಂತಾಕ್ರೂಜ್ ಪೂಜಾರಿ: ಮೇ ತಿಂಗಳಲ್ಲಿ ಊರಿಗೆ ಹೋಗುವಾಗ ಆಚಾರಿಯನ್ನು ಮಾಡಿಗೆ ಹತ್ತಿಸಿ ನೋಡಿಸ್ತೇನೆ. ಗೋಡೆ ಗಟ್ಟಿ, ಪಕ್ಕಾಸು ಬದಲಿಸಿದರೆ ಸಾಕು ಅಂದರೆ ನನ್ನ ತಕರಾರಿಲ್ಲ, ದುಡ್ಡೂ ಕೊಡ್ತೇನೆ. ಆದರೆ ಶೆಟ್ರೇ, ಕೆಲಸ ಮುಗಿಯುವವರೆಗೆ ಮಕ್ಕಳನ್ನು ಎಲ್ಲಿ ಕೂರಿಸ್ತೀರಿ? ಅದನ್ನು ಇನ್ನೂ ಯಾರೂ ಹೇಳಲಿಲ್ಲ.

ಠಾಣೆ ಟೀಚರ್: ಭಜನಾ ಮಂದಿರದಲ್ಲಿ. ಕೇಳಿ ನೋಡಿ, ಇಲ್ಲ ಅನ್ನಲಿಕ್ಕಿಲ್ಲ.