ಪದಚರ್ಚೆ: ಹಸಿವಿನ ನಕ್ಷೆಯಲ್ಲಿ ‘ಬರ’ ಎಂದರೆ ಯಾವುದು?

ಬಳಗದ ಎಲ್ಲರಿಗೂ ಉಡುಪಿಯಿಂದ ನಮಸ್ಕಾರ.

ಭೂಗೋಳ ಓದುವ ಕಾಲೇಜು ಮಕ್ಕಳಿಗೆಂದು ಜಿಐಎಸ್ (ಕಂಪ್ಯೂಟರಿನಲ್ಲಿ ಮಾಹಿತಿಯನ್ನು ನಕ್ಷೆಗಿಳಿಸುವ ವಿದ್ಯೆ) ಪಾಠಗಳನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಉಪಗ್ರಹ ಕೊಡುವ ಮಳೆಯ ಅಂದಾಜು, ಹಸಿರಿನ ಸೂಚ್ಯಂಕ, ಸಂತೆಯ ಧಾರಣೆ, ಮನೆಮನೆ ಸಮೀಕ್ಷೆ ಇವನ್ನೆಲ್ಲ ಒಂದರ ಮೇಲೊಂದು ಹಾಸಿ, ಊಟಕ್ಕೆ ತತ್ವಾರ ಎಲ್ಲಿದೆ ಎಂದು ತೋರಿಸುವ ನಕ್ಷೆಗಳ ಅಧ್ಯಾಯ ಈಗ ನಡೆದಿದೆ. ಪದರ, ಅಕ್ಷಾಂಶ, ರೇಖಾಂಶಗಳಲ್ಲಿ ತಕರಾರಿಲ್ಲ. ಎಲ್ಲರಿಗೂ ಸಾಕಷ್ಟು ಊಟ ಸಿಗುವ ‘ಆಹಾರ ಭದ್ರತೆ’ ಬೇರೆ, ಕಲಬೆರಕೆ ತಡೆಯುವ ‘ಆಹಾರ ಸುರಕ್ಷತೆ’ ಬೇರೆ ಎಂಬುದೂ ಕಾಯ್ದೆಗಳ ಹೆಸರಿನಿಂದಲೇ ಇತ್ಯರ್ಥವಾಗಿದೆ. ಸಿಕ್ಕಿಕೊಂಡಿರುವುದು ‘ಬರ’ದಲ್ಲಿ.

ಇಂಥ ನಕ್ಷೆಗಳಿಗೆ ಹೆಚ್ಚಾಗಿ ಬಳಸುವುದು ಆಹಾರದ ಕೊರತೆ ಎಷ್ಟು ತೀವ್ರ ಎಂದು ಹಂತಹಂತವಾಗಿ ಅಳೆಯುವ ಐಪಿಸಿ ಎಂಬ ವರ್ಗೀಕರಣ (ನಮ್ಮ ಹಳೆಯ ದಂಡಸಂಹಿತೆಯಲ್ಲ!). 2004ರಲ್ಲಿ ಸೊಮಾಲಿಯಾಕ್ಕಾಗಿ ಹುಟ್ಟಿದ್ದು. ಇದರಲ್ಲಿ ಐದು ಹಂತ: ತಿಳಿಹಸಿರಿನಿಂದ ಶುರುವಾಗಿ ಹಳದಿ, ಕಿತ್ತಳೆ, ಕೆಂಪು ದಾಟಿ ಕಡುಗೆಂಪಿಗೆ ಮುಗಿಯುತ್ತದೆ. ಆ ಕಡುಗೆಂಪನ್ನು ಸುಮ್ಮನೆ ಬಳಿಯುವಂತಿಲ್ಲ. ಐದರಲ್ಲಿ ಒಂದು ಮನೆಗಾದರೂ ಆಹಾರದ ಅತಿ ತೀವ್ರ ಕೊರತೆ ಇರಬೇಕು, ಮಕ್ಕಳಲ್ಲಿ ಶೇ. 30ರಷ್ಟು ತೀವ್ರ ಅಪೌಷ್ಟಿಕತೆ ಕಾಣಬೇಕು, ಹಸಿವಿನಿಂದಲೋ ಹಸಿವು ತಂದ ಕಾಯಿಲೆಯಿಂದಲೋ ದಿನಕ್ಕೆ 10,000 ಜನರಲ್ಲಿ ಇಬ್ಬರಾದರೂ ಸಾಯುತ್ತಿರಬೇಕು. ಇಂಗ್ಲಿಷಿನಲ್ಲಿ ‘ಫ್ಯಾಮಿನ್’ ಎನ್ನುವ ಈ ಹಂತಕ್ಕೆ ‘ಬರ’ ಎನ್ನಲೇ?

ನಮ್ಮ ಸರಕಾರಿ ಕನ್ನಡದಲ್ಲಿ ಬರ ಎಂದರೆ ಮಳೆ ಕೈಕೊಟ್ಟದ್ದು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ‘ಬರಪೀಡಿತ’ ಎಂದು ಘೋಷಣೆಯಾದವು. ಬೆಳೆ ಹೋಯಿತು, ನೀರಿಗೆ ಪರದಾಟವಾಯಿತು, ಆದರೆ ಪಡಿತರದ ಅಕ್ಕಿ ಇತ್ತು. ಒಂದೇ ನಕ್ಷೆಯಲ್ಲಿ ಮಳೆ ಕೊರತೆಯ ಪದರಕ್ಕೂ ಬರ, ಜನ ಸಾಯುವ ಹಂತಕ್ಕೂ ಬರ ಎಂದು ಬರೆದರೆ ಓದುವ ಹುಡುಗ ಎರಡೂ ಒಂದೇ ಎಂದುಕೊಳ್ಳುತ್ತಾನೆ. ನಕ್ಷೆ ಇರುವುದೇ ಅವೆರಡು ಎಲ್ಲಿ ಕೂಡುತ್ತವೆ, ಎಲ್ಲಿ ಕೂಡುವುದಿಲ್ಲ ಎಂದು ನೋಡಲಿಕ್ಕೆ.

ಕೂಡದಿರುವುದಕ್ಕೆ ನಮ್ಮ ಕರಾವಳಿಗಿಂತ ಒಳ್ಳೆಯ ಉದಾಹರಣೆ ಬೇಕೆ? ವರ್ಷಕ್ಕೆ 4,000 ಮಿ.ಮೀ. ಆಸುಪಾಸು ಮಳೆ ಬೀಳುವ ಜಿಲ್ಲೆ ಇದು. ಇಲ್ಲಿ ಹಿಂದಿನವರು ಹಸಿದದ್ದು ಮಳೆ ಬಾರದೆ ಅಲ್ಲ, ಮಳೆ ಬಿಡದೆ. ತುಳುವರ ಆಟಿ ತಿಂಗಳು, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಏಣೆಲಿನ (ಮಳೆಗಾಲದ ಭತ್ತದ ಬೆಳೆಯ) ನಾಟಿ ಮುಗಿದು ಕೂಲಿ ಇಲ್ಲ, ದೋಣಿ ಕಡಲಿಗಿಳಿಯುವುದಿಲ್ಲ, ಹುಲ್ಲಿನ ಮುಡಿ ಕಟ್ಟಿಟ್ಟ ಅಕ್ಕಿ ಮುಗಿಯುತ್ತ ಬಂದಿದೆ. ಆಗ ಒಲೆಗೇರುತ್ತಿದ್ದದ್ದು ತಜಂಕ್ ಸೊಪ್ಪು, ಕಣಿಲೆ (ಎಳೆಬಿದಿರು), ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ತೊಳೆ. (ಈಗ ‘ಆಟಿಡೊಂಜಿ ದಿನ’ (ಆಟಿಯಲ್ಲೊಂದು ದಿನ) ಎಂಬ ಕೂಟಕ್ಕೆ ಅವೇ ವಿಶೇಷ ಅಡುಗೆ, ಸಾಲು ನಿಂತು ತಿನ್ನುತ್ತೇವೆ.) ಉಪಗ್ರಹಕ್ಕೆ ಆ ತಿಂಗಳು ಕಾಣುವುದು ಬರೀ ಮೋಡ, ಮೋಡ ಹರಿದ ದಿನ ಕಾಣುವುದು ಕಡುಹಸಿರು. ಹಸಿರು ನೋಡಿ ‘ಚಿಂತೆಯಿಲ್ಲ’ ಎಂದು ಬಣ್ಣ ಹಾಕಿದರೆ ಕೆಟ್ಟಂತೆ. ಅದಕ್ಕೇ ಮನೆಮನೆ ಸಮೀಕ್ಷೆಯ ಪದರ ಇಲ್ಲದೆ ಈ ನಕ್ಷೆ ನಿಲ್ಲುವುದಿಲ್ಲ.

ಐದನೆಯ ಹಂತಕ್ಕೆ ನನ್ನ ಒಲವು ‘ಕ್ಷಾಮ’ದ ಕಡೆಗೆ. ಮೇವಿನ ಕ್ಷಾಮ, ನೀರಿನ ಕ್ಷಾಮ ಎಂದು ಪತ್ರಿಕೆಗಳು ಅದನ್ನೂ ಸವೆಸಿವೆ, ನಿಜ. ‘ದುರ್ಭಿಕ್ಷ’ಕ್ಕೆ ಆ ತೊಂದರೆಯಿಲ್ಲ, ಭಿಕ್ಷೆಯೂ ಹುಟ್ಟದ ಕಾಲ ಎಂಬ ಅರ್ಥ ಅದರೊಳಗೇ ಇದೆ, ಅದರ ಜೋಡಿ ‘ಸುಭಿಕ್ಷ’ ಇಂದಿಗೂ ಎಲ್ಲರ ಬಾಯಲ್ಲಿದೆ. ಆದರೆ ಹದಿನೆಂಟರ ಮಕ್ಕಳಿಗೆ ದುರ್ಭಿಕ್ಷ ಪುರಾಣದ ಪದದಂತೆ ಕೇಳೀತು. ಮಳೆಯ ಕೊರತೆಗೆ ‘ಬರ’ವನ್ನು ಹಾಗೇ ಬಿಡುತ್ತೇನೆ, ‘ಅನಾವೃಷ್ಟಿ’ಯನ್ನು ಎಳೆದು ತರುವುದಿಲ್ಲ.

ಉಳಿದದ್ದು ಲೀನ್ ಸೀಸನ್. ಹಳೆಯ ದಾಸ್ತಾನು ತೀರಿ ಹೊಸ ಬೆಳೆ ಕೈಗೆ ಬರುವವರೆಗಿನ ಆ ಇಕ್ಕಟ್ಟಿನ ತಿಂಗಳುಗಳಿಗೆ ‘ಕೊರತೆಯ ಋತು’ ಎಂದು ಬರೆದೆ, ಓದಿಕೊಂಡರೆ ಕಡತದ ಕನ್ನಡದಂತಿದೆ. ‘ಆಟಿ’ ಎಂದರೆ ಘಟ್ಟದ ಮೇಲಿನವರಿಗೆ ತಲುಪದು. ರಾಯಚೂರು, ಧಾರವಾಡ, ಚಾಮರಾಜನಗರದ ಕಡೆ ಹಿರಿಯರು ಆ ತಿಂಗಳುಗಳಿಗೆ ಏನೆನ್ನುತ್ತಿದ್ದರು? ಕುಂದಾಪುರದವರ ಬಾಯಲ್ಲಿ ಬೇರೆ ಮಾತೇನಾದರೂ ಉಂಟೇ? ಪದ ತಿಳಿಸುವವರು ಅದು ಯಾವ ಬೆಳೆಗೂ ಯಾವ ಬೆಳೆಗೂ ನಡುವಿನ ಅವಧಿ ಎಂಬುದನ್ನೂ ಸೇರಿಸಿ ಬರೆಯಬೇಕಾಗಿ ವಿನಂತಿ.