ಡಾಕರ್ ಸ್ಟಾಪ್ ಕೊಟ್ಟರೆ ಕಂಟೈನರ್ ಹತ್ತು ಸೆಕೆಂಡ್ ತಡವಾಗಿ, 137 ತೋರಿಸಿ ನಿಲ್ಲುವುದೇಕೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಪೈಥಾನ್‌ನಲ್ಲಿ ಬರೆದ ಸಣ್ಣ ಸೇವೆಯೊಂದನ್ನು ಲಿನಕ್ಸ್ ಯಂತ್ರದಲ್ಲಿ ಡಾಕರ್ (ಪ್ರೋಗ್ರಾಂಗಳನ್ನು ಕಂಟೈನರ್ ಎಂಬ ಪ್ರತ್ಯೇಕ ಆವರಣದಲ್ಲಿ ಓಡಿಸುವ ಸಾಧನ) ಮೂಲಕ ನಡೆಸುತ್ತಿದ್ದೇನೆ. ‘ಡಾಕರ್ ಸ್ಟಾಪ್’ ಕೊಟ್ಟಾಗಲೆಲ್ಲ ಟರ್ಮಿನಲ್ ಸರಿಯಾಗಿ ಹತ್ತು ಸೆಕೆಂಡ್ ಸುಮ್ಮನಿರುತ್ತದೆ. ಆಮೇಲೆ ‘ಡಾಕರ್ ಪಿಎಸ್ -ಎ’ ಕೊಟ್ಟು ನೋಡಿದರೆ ‘ಎಕ್ಸಿಟೆಡ್ (137)’ ಎಂದಿರುತ್ತದೆ. ಸಿಗ್‌ಟರ್ಮ್ (ನಿಲ್ಲು ಎಂದು ಕೇಳುವ ಸಿಗ್ನಲ್) ಬಂದ ಕೂಡಲೇ ಡೇಟಾಬೇಸ್ ಸಂಪರ್ಕವನ್ನು ಮುಚ್ಚಿ, ಲಾಗ್‌ನಲ್ಲಿ ಒಂದು ಸಾಲು ಬರೆಯುವಂತೆ ಕೋಡ್ ಮಾಡಿದ್ದೇನೆ, ಆದರೆ ಆ ಸಾಲು ಇದುವರೆಗೆ ಒಮ್ಮೆಯೂ ಕಾಣಿಸಿಲ್ಲ. ಮೆಮೊರಿ ಸಾಲದಿದ್ದರೆ 137 ಬರುತ್ತದೆ ಎಂದು ಓದಿ ಮಿತಿಯನ್ನು ಹೆಚ್ಚಿಸಿದೆ, ಏನೂ ಬದಲಾಗಲಿಲ್ಲ. ಎಲ್ಲಿ ಹುಡುಕಬೇಕು?

ಉತ್ತರ 1

137 ಎಂದರೆ 128ಕ್ಕೆ 9 ಕೂಡಿಸಿದ ಸಂಖ್ಯೆ, ಮತ್ತು 9 ಎಂಬುದು ಸಿಗ್‌ಕಿಲ್, ಅಂದರೆ ಬಲವಂತವಾಗಿ ನಿಲ್ಲಿಸುವ ಸಿಗ್ನಲ್. ಮೆಮೊರಿ ಮುಗಿದಾಗ ಕರ್ನಲ್ (ಲಿನಕ್ಸ್‌ನ ತಿರುಳು) ಕಳಿಸುವುದೂ ಅದನ್ನೇ ಆದ್ದರಿಂದ ಈ ಗೊಂದಲ ಸಹಜ. ‘ಡಾಕರ್ ಇನ್‌ಸ್ಪೆಕ್ಟ್’ ಕೊಟ್ಟು ‘ಓಓಎಂಕಿಲ್ಡ್’ (ಮೆಮೊರಿ ಸಾಲದೆ ನಿಲ್ಲಿಸಲಾಯಿತೇ) ಎಂಬ ಸಾಲನ್ನು ನೋಡಿ. ಅಲ್ಲಿ ‘ಫಾಲ್ಸ್’ ಇದ್ದರೆ ಮೆಮೊರಿಯ ವಿಚಾರವನ್ನು ಬಿಟ್ಟುಬಿಡಬಹುದು. ನನಗೆ ಆ ಹತ್ತು ಸೆಕೆಂಡೇ ದೊಡ್ಡ ಸುಳಿವಾಗಿ ಕಾಣುತ್ತದೆ. ಸ್ಟಾಪ್ ಕಮಾಂಡ್ ಮೊದಲು ಕಂಟೈನರ್‌ನ ಒಂದನೇ ಪ್ರೊಸೆಸ್‌ಗೆ (ಅದರೊಳಗೆ ಮೊದಲು ಶುರುವಾದ ಪ್ರೋಗ್ರಾಂಗೆ) ಮಾತ್ರ ಸಿಗ್‌ಟರ್ಮ್ ಕಳಿಸಿ, ಬೇರೆ ಅವಧಿ ಹೇಳದಿದ್ದರೆ 10 ಸೆಕೆಂಡ್ ಕಾದು, ಆಗಲೂ ನಿಲ್ಲದಿದ್ದರೆ ಸಿಗ್‌ಕಿಲ್ ಕೊಡುತ್ತದೆ. ನಿಮ್ಮ ಪೈಥಾನ್ ಆ ಒಂದನೇ ಪ್ರೊಸೆಸ್ ಆಗಿಲ್ಲವೆಂಬುದು ನನ್ನ ಅನುಮಾನ. ಕಂಟೈನರ್ ಓಡುತ್ತಿರುವಾಗ ‘ಡಾಕರ್ ಟಾಪ್’ ಕೊಟ್ಟು, ಪೈಥಾನ್‌ನ ಮೇಲೆ ಬೇರೆ ಯಾವುದಾದರೂ ಪ್ರೊಸೆಸ್ ಕುಳಿತಿದೆಯೇ ಎಂದು ನೋಡಿ ತಿಳಿಸಿ.

ಪ್ರಶ್ನೆ ಕೇಳಿದವರು

ಓಓಎಂಕಿಲ್ಡ್ ಎದುರು ‘ಫಾಲ್ಸ್’ ಎಂದೇ ಇದೆ. ಟಾಪ್‌ನಲ್ಲಿ ಎರಡು ಸಾಲು ಬಂದವು: ಮೊದಲನೆಯದು ‘/ಬಿನ್/ಎಸ್‌ಎಚ್ ಸ್ಟಾರ್ಟ್.ಎಸ್‌ಎಚ್’, ಅದರ ಮಗುವಾಗಿ ಪೈಥಾನ್. ಟೇಬಲ್‌ಗಳನ್ನು ಸಿದ್ಧಪಡಿಸಿ ಆಮೇಲೆ ಸೇವೆಯನ್ನು ಶುರುಮಾಡಲೆಂದು ಆ ಸ್ಕ್ರಿಪ್ಟನ್ನು ನಾನೇ ಬರೆದಿದ್ದೆ.

ಉತ್ತರ 1

ಹಾಗಾದರೆ ಸಿಗ್‌ಟರ್ಮ್ ಆ ಸ್ಕ್ರಿಪ್ಟನ್ನು ನಡೆಸುವ ಶೆಲ್‌ಗೆ (/ಬಿನ್/ಎಸ್‌ಎಚ್) ಹೋಗುತ್ತಿದೆ, ಪೈಥಾನ್‌ಗೆ ತಲುಪುತ್ತಿಲ್ಲ. ಸ್ಕ್ರಿಪ್ಟ್‌ನ ಕೊನೆಯ ಸಾಲಿನಲ್ಲಿ ಪೈಥಾನ್‌ಗೆ ಮುಂಚೆ ‘ಎಕ್ಸೆಕ್’ ಎಂದು ಸೇರಿಸಿ ಇಮೇಜನ್ನು (ಕಂಟೈನರ್‌ನ ಅಚ್ಚನ್ನು) ಮತ್ತೆ ಬಿಲ್ಡ್ ಮಾಡಿ. ಆಗ ಶೆಲ್ ತನ್ನ ಜಾಗವನ್ನೇ ಪೈಥಾನ್‌ಗೆ ಬಿಟ್ಟುಕೊಡುವುದರಿಂದ ಸಿಗ್ನಲ್ ನೇರವಾಗಿ ನಿಮ್ಮ ಕೋಡ್‌ಗೆ ತಲುಪುತ್ತದೆ.

ಉತ್ತರ 2

ಇಂಥ ಸಂದರ್ಭದಲ್ಲಿ ಹಲವರು ‘ಡಾಕರ್ ರನ್’ ಜೊತೆ ‘--ಇನಿಟ್’ ಸೇರಿಸಲು ಹೇಳುತ್ತಾರೆ. ಎಕ್ಸೆಕ್ ಸೇರಿಸದೆ ಅದೊಂದನ್ನೇ ಮಾಡಬೇಡಿ ಎಂದು ಕೇಳಿಕೊಳ್ಳುತ್ತೇನೆ. ಆಗ ಟಿನಿ ಎಂಬ ಪುಟ್ಟ ಪ್ರೋಗ್ರಾಂ ಒಂದನೇ ಪ್ರೊಸೆಸ್ ಆಗಿ, ಬಂದ ಸಿಗ್ನಲನ್ನು ತನ್ನ ನೇರ ಮಗುವಾದ ಶೆಲ್‌ಗೆ ದಾಟಿಸುತ್ತದೆ. ಶೆಲ್ ಕೂಡಲೇ ಸಾಯುತ್ತದೆ, ಅದರ ಹಿಂದೆಯೇ ಕಂಟೈನರ್ ಮುಗಿಯುತ್ತದೆ, ಆದರೆ ಪೈಥಾನ್‌ಗೆ ಸಿಗುವುದು ಆಗಲೂ ಸಿಗ್‌ಕಿಲ್ಲೇ. 137 ಇದ್ದಲ್ಲಿ 143 ಕಾಣಿಸುತ್ತದೆ, ತಡವೂ ಇರುವುದಿಲ್ಲ, ಹೀಗಾಗಿ ಎಲ್ಲ ಸರಿಹೋಯಿತೆಂದು ಅನ್ನಿಸುತ್ತದೆ. ಡೇಟಾಬೇಸ್ ಸಂಪರ್ಕ ಮಾತ್ರ ಮೊದಲಿನಂತೆಯೇ ಅರ್ಧಕ್ಕೆ ಕಡಿಯುತ್ತದೆ. ಸಿಗ್‌ಟರ್ಮ್‌ಗೆ ಹ್ಯಾಂಡ್ಲರ್ (ಸಿಗ್ನಲ್ ಬಂದಾಗ ಓಡುವ ಕೋಡ್) ಬರೆಯದ ಪ್ರೋಗ್ರಾಂಗಳಿಗೆ ಇನಿಟ್ ನಿಜವಾಗಿಯೂ ಬೇಕಾಗುತ್ತದೆ, ಏಕೆಂದರೆ ಹ್ಯಾಂಡ್ಲರ್ ಇಲ್ಲದ ಪ್ರೊಸೆಸ್ ಒಂದನೆಯದಾಗಿದ್ದರೆ ಕರ್ನಲ್ ಆ ಸಿಗ್ನಲನ್ನು ಕೈಬಿಡುತ್ತದೆ.

ಪ್ರಶ್ನೆ ಕೇಳಿದವರು

ಎಕ್ಸೆಕ್ ಸೇರಿಸಿದೆ. ಸ್ಟಾಪ್ ಈಗ ಒಂದು ಸೆಕೆಂಡೂ ಹಿಡಿಯುತ್ತಿಲ್ಲ, ಎಕ್ಸಿಟ್ ಕೋಡ್ 0 ಬಂದಿದೆ, ಲಾಗ್‌ನ ಕೊನೆಯಲ್ಲಿ ಸಂಪರ್ಕ ಮುಚ್ಚಿದ ಸಾಲೂ ಇದೆ. ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು.