ಅಪ್‌ಡೇಟ್: ಕನ್ನಡಕ ಇದ್ರೂ ತಮ್ಮಂಗೆ ಫೋರ್ಕ್‌ಲಿಫ್ಟ್ ಕೆಲಸ ಸಿಕ್ತು

ತಮ್ಮಂಗೆ ಕನ್ನಡಕ ಇದೆ, ಕೈಯಲ್ಲಿರೋದು ಕಾರ್ ಲೈಸೆನ್ಸ್ ಮಾತ್ರ, ಪೀಣ್ಯದ ಗೋಡೌನ್‌ನಲ್ಲಿ ಫೋರ್ಕ್‌ಲಿಫ್ಟ್ (ಭಾರದ ಸರಕು ಎತ್ತಿಡೋ ಗಾಡಿ) ಓಡ್ಸೋಕೆ ತಗೋತಾರಾ ಅಂತ ಕೇಳಿದ್ನಲ್ಲ, ತಗೊಂಡ್ರು! ಮೊದ್ಲು ಮೆಡಿಕಲ್ ಮಾಡಿಸ್ಕೊಳ್ಳಿ ಅಂದವ್ರ ಮಾತೇ ಕೆಲಸಕ್ಕೆ ಬಂತು. ಕನ್ನಡಕ ಹಾಕ್ಕೊಂಡು ಅಕ್ಷರ ಸರಿಯಾಗಿ ಓದಿದ್ರೆ ಸಾಕು ಅಂದ್ರು ಡಾಕ್ಟ್ರು, ಆದ್ರೆ ಬಣ್ಣ ಗುರುತಿಸೋದು, ದೂರದ ಅಂದಾಜು, ಕಿವಿ, ಬಿಪಿ, ಶುಗರ್ ಎಲ್ಲಾ ನೋಡಿದ್ರು, ಕತ್ತು ಎರಡೂ ಕಡೆ ಪೂರ್ತಿ ತಿರುಗುತ್ತಾ ಅಂತಾನೂ ನೋಡಿದ್ರು (ರಿವರ್ಸ್ ಹೊಡಿಯೋದೇ ಜಾಸ್ತಿ ಅಲ್ವಾ). ಕಾರ್ ಬಂದ್ರೆ ಟ್ರೈನಿಂಗ್ ಬೇಡ ಅನ್ನೋ ಸಲಹೆ ಮಾತ್ರ ನಡೀಲಿಲ್ಲ. ಇದು ಹಿಂದಿನ ಚಕ್ರ ತಿರುಗೋ ಗಾಡಿ, ತಿರುವಲ್ಲಿ ಹಿಂಭಾಗ ಹೊರಗೆ ಬೀಸುತ್ತೆ, ಕಾರ್ ಅಭ್ಯಾಸ ಇದ್ದವ್ರಿಗೇ ತೊಂದ್ರೆ ಜಾಸ್ತಿ ಅಂತೆ.

ನಂಗೆ ಆಶ್ಚರ್ಯ ಆಗಿದ್ದು ಕೆಪಾಸಿಟಿ ಪ್ಲೇಟ್ (ಗಾಡಿ ಎಷ್ಟು ತೂಕ ಎತ್ತಬಹುದು ಅಂತ ಬರ್ದಿರೋ ಫಲಕ) ವಿಷ್ಯ. 2 ಟನ್ ಗಾಡಿ ಯಾವಾಗ್ಲೂ 2 ಟನ್ ಎತ್ತಲ್ಲ, ಅಷ್ಟು ಎತ್ತೋಕೆ ಲೋಡಿನ ತೂಕದ ಮಧ್ಯ ಫೋರ್ಕ್ (ಲೋಡ್ ಎತ್ತೋ ಮುಂದಿನ ಕಬ್ಬಿಣದ ತೋಳು) ಬುಡದಿಂದ ಸಾಮಾನ್ಯವಾಗಿ 500 ಮಿ.ಮೀ. ಒಳಗಿರ್ಬೇಕು, ಪೆಟ್ಟಿಗೆ ಉದ್ದ ಇದ್ರೆ ಅಥವಾ ತುಂಬಾ ಎತ್ತರಕ್ಕೆ ಎತ್ತಿದ್ರೆ ಎತ್ತಬಹುದಾದ ತೂಕ ಇನ್ನೂ ಕಮ್ಮಿ. ಗಾಡಿ ಪಲ್ಟಿ ಆಗೋ ಥರ ಆದ್ರೆ ಹಾರ್ಬಾರ್ದಂತೆ, ಬೆಲ್ಟ್ ಬಿಚ್ಚದೆ ಸ್ಟೀರಿಂಗ್ ಗಟ್ಟಿಯಾಗಿ ಹಿಡ್ಕೊಂಡು ಬೀಳೋ ದಿಕ್ಕಿನ ವಿರುದ್ಧಕ್ಕೆ ವಾಲ್ಬೇಕಂತೆ. ಸದ್ಯಕ್ಕೆ ಸೀನಿಯರ್ ಆಪರೇಟರ್ ಒಬ್ರು ನಿಂತ್ಕೊಂಡು ಖಾಲಿ ಪ್ಯಾಲೆಟ್ (ಸರಕು ಇಡೋ ಹಲಗೆ) ಎತ್ತಿಸ್ತಿದಾರೆ, ಲೋಡ್ ಇನ್ನೂ ಕೊಟ್ಟಿಲ್ಲ.